ಕಿನ್‌ಲಾಕ್: 6,501 ಜನರ ಊರಲ್ಲಿ 263 ಜನ ಉಳಿದ ಪ್ರಕರಣ

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ ಕಿನ್‌ಲಾಕ್ ಅಂತ ಒಂದು ಊರಿದೆ. ಅಂಗೈ ಅಗಲದ ಊರು. ಇಡೀ ಊರು ಸೇರಿ ಸುಮಾರು 470 ಎಕರೆ. ಅಷ್ಟರಲ್ಲೇ ಅದಕ್ಕೊಬ್ಬ ಮೇಯರ್, ಒಂದು ನಗರಸಭೆ, ತನ್ನದೇ ಗಡಿ. ಪಶ್ಚಿಮಕ್ಕೆ ಲ್ಯಾಂಬರ್ಟ್ ವಿಮಾನ ನಿಲ್ದಾಣ, ಪೂರ್ವಕ್ಕೆ ಫರ್ಗುಸನ್, ಪಕ್ಕದಲ್ಲೇ ಬರ್ಕ್‌ಲಿ.

ಜನಗಣತಿಯ ಲೆಕ್ಕ ನೋಡಿ. 1960ರಲ್ಲಿ 6,501 ಜನ. 1970ರಲ್ಲಿ 5,629. 1980ಕ್ಕೆ 4,455. 1990ಕ್ಕೆ 2,702. ಮುಂದಿನ ಹತ್ತು ವರ್ಷದಲ್ಲಿ ಅದು ಸೀದಾ 449ಕ್ಕೆ ಬಿತ್ತು. 2010ರಲ್ಲಿ 298, 2020ರಲ್ಲಿ 263. ಅರವತ್ತು ವರ್ಷದ ಹಿಂದೆ ನೂರು ಜನ ಇದ್ದ ಕಡೆ ಈಗ ನಾಲ್ಕು ಜನ. ಬರ ಬರಲಿಲ್ಲ, ಅಣೆಕಟ್ಟಿನಲ್ಲಿ ಊರು ಮುಳುಗಲಿಲ್ಲ, ಗಣಿ ಮುಚ್ಚಲಿಲ್ಲ. ಸುತ್ತಲಿನ ಊರುಗಳೆಲ್ಲ ಇದ್ದಲ್ಲೇ ಇವೆ.

ಒಂದು ಕಾಲಕ್ಕೆ ಇಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ಜನ ಇದ್ದರು ಅಂತ ಪತ್ರಿಕೆಗಳು ಬರೆಯುವುದುಂಟು. ಜನಗಣತಿಯಲ್ಲಿ ಆ ಸಂಖ್ಯೆ ಇಲ್ಲ. ಆದರೂ ಅದನ್ನು ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆ ತುಂಬ ಜನ, ಭಾನುವಾರ ಚರ್ಚ್ ತುಂಬ ಜನ, ಬೀದಿ ತುಂಬ ಮಕ್ಕಳು ಇದ್ದ ಊರನ್ನು ನೆನೆಸಿಕೊಳ್ಳುವವರಿಗೆ ಲೆಕ್ಕ ದೊಡ್ಡದಾಗಿಯೇ ಕಾಣುತ್ತದೆ, ಅಲ್ವಾ? ಇಲ್ಲಿ ಮಾತ್ರ ಜನಗಣತಿಯ ಸಂಖ್ಯೆಯನ್ನೇ ಹಿಡಿದುಕೊಂಡು ಹೋಗುತ್ತೇನೆ.

'ವಿಮಾನ ನಿಲ್ದಾಣ ಊರನ್ನು ನುಂಗಿತು.' ಕಿನ್‌ಲಾಕ್ ಬಗ್ಗೆ ಒಂದೇ ಸಾಲಲ್ಲಿ ಹೇಳುವವರು ಹೇಳುವುದು ಇಷ್ಟೇ. ಇದು ಸುಳ್ಳಲ್ಲ. ಆದರೆ ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ನೋಡಿದರೆ, ವಿಮಾನ ನಿಲ್ದಾಣ ಮನೆ ಕೊಳ್ಳಲು ಶುರು ಮಾಡುವ ಮೊದಲೇ ಮೂರರಲ್ಲಿ ಒಂದು ಭಾಗದಷ್ಟು ಜನ ಹೋಗಿಯಾಗಿತ್ತು. ಹಾಗಾದರೆ ಅವರು ಯಾಕೆ ಹೋದರು? ಅದಕ್ಕೂ ಮೊದಲು, ಅಷ್ಟೊಂದು ಜನ ಅಷ್ಟು ಚಿಕ್ಕ ಜಾಗಕ್ಕೆ ಬಂದಿದ್ದಾದರೂ ಯಾಕೆ?

ಬೇರೆ ಕಡೆ ಜಾಗ ಇಲ್ಲದವರ ಊರು

1890ರ ದಶಕದಲ್ಲಿ ಇಲ್ಲಿ ಕಿನ್‌ಲಾಕ್ ಪಾರ್ಕ್ ಎಂಬ ಬಡಾವಣೆ ಎದ್ದಿತು. ಪಕ್ಕದಲ್ಲೇ ರೈಲು. ನಗರಕ್ಕೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಬಿಳಿಯರಿಗೆಂದು ಮಾಡಿದ್ದು. ಅವರ ಮನೆಗಳಲ್ಲಿ ಅಡುಗೆ, ಬಟ್ಟೆ, ತೋಟದ ಕೆಲಸ ಮಾಡುವ ಕಪ್ಪು ಜನರಿಗೆ ಒಂದು ಮೂಲೆಯಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದರು. ಆ ಮೂಲೆಯೇ ಮುಂದೆ ಊರಾಯಿತು. ಒಂದು ಸೈಟು ಕಪ್ಪು ಕುಟುಂಬದ ಕೈಗೆ ಹೋದರೆ ಅಕ್ಕಪಕ್ಕದ ಬಿಳಿಯರು ಮಾರಿಕೊಂಡು ಹೊರಡುವುದು, ಆ ಸೈಟುಗಳನ್ನು ಇನ್ನಷ್ಟು ಕಪ್ಪು ಕುಟುಂಬಗಳು ಕೊಳ್ಳುವುದು ಹೀಗೆ ನಡೆಯಿತು. ದಲ್ಲಾಳಿಗಳಿಗೆ ಎರಡೂ ಕಡೆಯಿಂದ ಲಾಭ.

ಆಗ ಕಪ್ಪು ಜನರಿಗೆ ಇರುವುದಕ್ಕೆ ಬೇರೆ ಎಲ್ಲಿ ಜಾಗವಿತ್ತು? 1916ರಲ್ಲಿ ಸೇಂಟ್ ಲೂಯಿಸ್ ನಗರದ ಮತದಾರರು ಓಟು ಹಾಕಿಯೇ ಒಂದು ಕಾನೂನು ಮಾಡಿದರು: ಯಾವ ಬೀದಿಯಲ್ಲಿ ಯಾವ ಬಣ್ಣದವರು ಇರಬೇಕು ಅಂತ. ಮರುವರ್ಷ ಸುಪ್ರೀಂ ಕೋರ್ಟ್ ಇಂಥ ಕಾನೂನುಗಳನ್ನು ರದ್ದು ಮಾಡಿತು. ಕಾನೂನು ಹೋಯಿತು, ಕರಾರು ಬಂತು. ಮನೆಯ ಕ್ರಯಪತ್ರದಲ್ಲೇ 'ಈ ಮನೆಯನ್ನು ಕಪ್ಪು ಜನರಿಗೆ ಮಾರುವಂತಿಲ್ಲ' ಎಂಬ ಷರತ್ತು ಸೇರಿಸಿದರು. ಅದೇ 1917ರಲ್ಲಿ ಮಿಸಿಸಿಪ್ಪಿ ನದಿಯ ಆಚೆ ದಡದ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರ ಮೇಲೆ ಭೀಕರ ಹಿಂಸೆ ನಡೆಯಿತು. ಸಾವಿರಾರು ಜನ ನದಿ ದಾಟಿ ಓಡಿ ಬಂದರು. ಸೇಂಟ್ ಲೂಯಿಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕಪ್ಪು ಜನ ಸ್ವಂತ ಹೆಸರಲ್ಲಿ ಜಮೀನು ಕೊಳ್ಳಬಹುದಾದ ಬೆರಳೆಣಿಕೆಯ ಜಾಗಗಳಲ್ಲಿ ಕಿನ್‌ಲಾಕ್ ಒಂದು. ಜನ ಅಲ್ಲಿಗೆ ಹೋದರು.

1934ರ ನಂತರ ಸರ್ಕಾರ ಮನೆ ಸಾಲಕ್ಕೆ ವಿಮೆ ಕೊಡಲು ಶುರು ಮಾಡಿತು. ಸಾಲ ಅಗ್ಗವಾಯಿತು, ಹೊರವಲಯದಲ್ಲಿ ಸಾಲು ಸಾಲು ಮನೆಗಳು ಎದ್ದವು. ಆದರೆ ಆ ವಿಮೆ ಹೆಚ್ಚುಕಡಿಮೆ ಬಿಳಿಯರ ಬಡಾವಣೆಗಳಿಗೆ ಮಾತ್ರ. ಫರ್ಗುಸನ್‌ನಂಥ ಊರು ಬ್ಯಾಂಕಿನ ದುಡ್ಡಿನಲ್ಲಿ ಬೆಳೆಯಿತು, ಕಿನ್‌ಲಾಕ್ ಜನರ ಕೈದುಡ್ಡಿನಲ್ಲಿ ಬೆಳೆಯಿತು. ಈ ವರ್ಷ ಒಂದು ಕೋಣೆ, ಇನ್ನೆರಡು ವರ್ಷ ಬಿಟ್ಟು ಇನ್ನೊಂದು. ಡಾಂಬರು ಕಾಣದ ಬೀದಿಗಳು ಬಹಳ ಕಾಲ ಹಾಗೇ ಇದ್ದವು.

ಇಷ್ಟೆಲ್ಲ ಇದ್ದರೂ ಊರು ಜೀವ ತುಂಬಿಕೊಂಡಿತ್ತು. ಅಂಗಡಿಗಳು, ಚರ್ಚ್‌ಗಳು, ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಹೆಸರಿನ ಶಾಲೆ. ನಟಿ ಜೆನಿಫರ್ ಲೂಯಿಸ್ ಬೆಳೆದದ್ದು ಇಲ್ಲೇ. 1948ರಲ್ಲಿ ಕಿನ್‌ಲಾಕ್ ತನ್ನದೇ ಆಡಳಿತದ ನಗರವಾಗಿ ನೋಂದಣಿಯಾಯಿತು. ಮಿಸೌರಿಯಲ್ಲಿ ಹೀಗೆ ನೋಂದಣಿಯಾದ ಕಪ್ಪು ಜನರ ಊರುಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ. ಬೇರೆ ಕಡೆ ಓಟು ಹಾಕುವುದೇ ಕಷ್ಟವಾಗಿದ್ದ ಕಾಲದಲ್ಲಿ ಇಲ್ಲಿ ಮೇಯರ್, ಪೊಲೀಸ್, ಶಾಲಾ ಮಂಡಳಿ ಎಲ್ಲವೂ ತಮ್ಮವರೇ. ಅದರ ಹೆಮ್ಮೆ ಎಂಥದ್ದಿರಬೇಕು ಅಂತ ಊಹಿಸಿಕೊಳ್ಳಬಹುದು.

ಅದೇ 1948ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಆ ಕ್ರಯಪತ್ರದ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ. ಮೊಕದ್ದಮೆ ಎದ್ದದ್ದು ಸೇಂಟ್ ಲೂಯಿಸ್‌ನ ಲಬಾಡಿ ಅವೆನ್ಯೂದ ಒಂದು ಮನೆಯಿಂದ. ಅಂದರೆ ಕಿನ್‌ಲಾಕ್ ತನಗೊಂದು ಗಡಿ ಹಾಕಿಕೊಂಡ ವರ್ಷವೇ, ಅದನ್ನು ಬಿಟ್ಟು ಹೊರಗೆ ಹೋಗುವ ಬಾಗಿಲು ಒಂದಿಷ್ಟು ತೆರೆಯಿತು.

ಸರಪಳಿ ಮತ್ತು ಶಾಲೆ

ಈ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ.

ಫರ್ಗುಸನ್ 'ಸೂರ್ಯ ಮುಳುಗುವ ಊರು'. ಹೆಸರು ಕೇಳಲು ಚೆನ್ನಾಗಿದೆ, ಅರ್ಥ ಚೆನ್ನಾಗಿಲ್ಲ. ಕಪ್ಪು ಜನ ಹಗಲಲ್ಲಿ ಕೆಲಸಕ್ಕೆ ಬರಬಹುದು, ಸೂರ್ಯ ಮುಳುಗುವಷ್ಟರಲ್ಲಿ ಜಾಗ ಖಾಲಿ ಮಾಡಬೇಕು. 1960ರ ದಶಕದಲ್ಲಿ ಫರ್ಗುಸನ್‌ನವರು ಕಿನ್‌ಲಾಕ್ ಕಡೆಯಿಂದ ಬರುವ ಮುಖ್ಯ ರಸ್ತೆಗೆ ಅಡ್ಡಲಾಗಿ ಸರಪಳಿ ಕಟ್ಟಿದ್ದರು, ಕಟ್ಟಡದ ಸಾಮಾನು ಪೇರಿಸಿದ್ದರು. ಇನ್ನೊಂದು ರಸ್ತೆಯನ್ನು ಹಗಲು ಹೊತ್ತು ತೆರೆದಿಡುತ್ತಿದ್ದರು. ಯಾಕೆ ಗೊತ್ತಾ? ಕಿನ್‌ಲಾಕ್‌ನಿಂದ ಮನೆಗೆಲಸದವರು, ಮಕ್ಕಳನ್ನು ನೋಡಿಕೊಳ್ಳುವವರು ಬರಬೇಕಲ್ಲ! ಪಾತ್ರೆ ತೊಳೆಯಲು ದಾರಿ ಇತ್ತು, ಬದುಕಲು ದಾರಿ ಇರಲಿಲ್ಲ. ಜನ ಮೆರವಣಿಗೆ ಮಾಡಿ, ಜಗಳ ಆಡಿ, 1968ರಲ್ಲಿ ಆ ಅಡ್ಡಗಟ್ಟೆ ತೆಗೆಸಿದರು.

ಸರಪಳಿ ಕಣ್ಣಿಗೆ ಕಾಣುತ್ತದೆ, ಫೋಟೋ ತೆಗೆಯಬಹುದು. ಆದ್ದರಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಣ್ಣಿಗೆ ಕಾಣದ ಇನ್ನೊಂದು ಗೆರೆ. ಅದು ಶಾಲೆಯ ಗೆರೆ.

ಅಮೆರಿಕದಲ್ಲಿ ಶಾಲಾ ಜಿಲ್ಲೆ ಅಂತ ಇರುತ್ತದೆ. ಆ ಜಿಲ್ಲೆಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಆಸ್ತಿ ತೆರಿಗೆಯಿಂದ ಅಲ್ಲಿನ ಶಾಲೆ ನಡೆಯುತ್ತದೆ. 1902ರಲ್ಲೇ ಇಲ್ಲಿನ ಶಾಲಾ ಜಿಲ್ಲೆ ಎರಡು ಹೋಳಾಗಿತ್ತು, ಬಿಳಿಯರದ್ದು ಒಂದು ಕಡೆ, ಕಪ್ಪು ಜನರದ್ದು ಒಂದು ಕಡೆ. 1937ರಲ್ಲಿ ಬಿಳಿಯರ ಭಾಗ ಬರ್ಕ್‌ಲಿ ಎಂಬ ಹೆಸರಲ್ಲಿ ಬೇರೆ ನಗರವೇ ಆಗಿಬಿಟ್ಟಿತು. ಕಪ್ಪು ಜನರ ಜೊತೆ ಒಂದೇ ನಗರ, ಒಂದೇ ಶಾಲಾ ವ್ಯವಸ್ಥೆ ಬೇಡ ಎಂಬುದೇ ಅದರ ಹಿಂದಿನ ಲೆಕ್ಕ.

ಇದರ ಪರಿಣಾಮ ದುಡ್ಡಿನಲ್ಲಿ ಕಂಡಿತು. 1939ರಲ್ಲಿ ವಿಮಾನ ನಿಲ್ದಾಣದ ಬಳಿ ಮ್ಯಾಕ್‌ಡೊನೆಲ್ ವಿಮಾನ ಕಂಪನಿ ಶುರುವಾಯಿತು. ಅಮೆರಿಕದ ಮೊದಲ ಬಾಹ್ಯಾಕಾಶ ಯಾತ್ರಿಗಳು ಕೂತ ಮರ್ಕ್ಯುರಿ ನೌಕೆಗಳನ್ನು ತಯಾರಿಸಿದ್ದು ಇದೇ ಕಂಪನಿ. ಅಂಥ ಕಾರ್ಖಾನೆ ಕೂಗಳತೆಯಲ್ಲಿದ್ದರೂ ಕಿನ್‌ಲಾಕ್ ಗೆರೆಯಿಂದ ಆಚೆ ಇತ್ತು. ಅದರ ತೆರಿಗೆಯಲ್ಲಿ ಕಿನ್‌ಲಾಕ್ ಮಕ್ಕಳಿಗೆ ಪಾಲಿಲ್ಲ. ಗೆರೆಯ ಒಳಗೆ ಇದ್ದದ್ದು ಸಣ್ಣ ಮನೆಗಳು. ತೆರಿಗೆ ದರ ಏರಿಸಿದರೂ ಕೈಗೆ ಬರುವುದು ಚಿಲ್ಲರೆ. ಬಡವನ ಹತ್ತಿರ ನೂರಕ್ಕೆ ಹತ್ತು ಕಿತ್ತುಕೊಂಡರೂ ಅದು ಸಾಹುಕಾರನ ನೂರಕ್ಕೆ ಒಂದರಷ್ಟು ಆಗುವುದಿಲ್ಲ.

1971ರಲ್ಲಿ ಕೇಂದ್ರ ಸರ್ಕಾರವೇ ಮೊಕದ್ದಮೆ ಹೂಡಿತು. 1975ರಲ್ಲಿ ಕೋರ್ಟು ಕಿನ್‌ಲಾಕ್, ಬರ್ಕ್‌ಲಿ, ಫರ್ಗುಸನ್-ಫ್ಲೋರಿಸೆಂಟ್ ಮೂರೂ ಶಾಲಾ ಜಿಲ್ಲೆಗಳನ್ನು ಒಂದು ಮಾಡಿಸಿತು. ನ್ಯಾಯವೇ ಆಯಿತು. ಆದರೆ ಕಿನ್‌ಲಾಕ್‌ನಂಥ ಊರಿನಲ್ಲಿ ಶಾಲೆ ಬರೀ ಪಾಠ ಹೇಳುವ ಜಾಗ ಆಗಿರಲಿಲ್ಲ. ಮೇಷ್ಟ್ರು, ಹೆಡ್‌ಮಾಸ್ಟರು ಊರಿನ ಗಣ್ಯರು, ಶಾಲಾ ಮಂಡಳಿ ಊರಿನ ದೊಡ್ಡ ಕೆಲಸದಾತ. ವಿಲೀನದ ನಂತರ ಆ ಅಧಿಕಾರ ಊರ ಕೈಯಿಂದ ಜಾರಿತು. ಒಳ್ಳೆಯ ಶಾಲೆ ಮತ್ತು ಸ್ವಂತ ಶಾಲೆ ಎರಡೂ ಒಟ್ಟಿಗೆ ಸಿಗುವ ದಾರಿಯನ್ನು ಅವರ ಮುಂದೆ ಯಾರೂ ಇಟ್ಟಿರಲಿಲ್ಲ.

ಎರಡು ಹಂತದ ಖಾಲಿತನ

ಮೊದಲ ಹಂತ ಮೆಲ್ಲಗೆ ನಡೆಯಿತು. 1968ರ ಏಪ್ರಿಲ್‌ನಲ್ಲಿ ಮನೆ ಮಾರಾಟ, ಬಾಡಿಗೆಯಲ್ಲಿ ಭೇದ ಮಾಡಬಾರದೆಂಬ ಕೇಂದ್ರ ಕಾನೂನು ಬಂತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಬಿಲ್ಡರುಗಳೂ ಬಣ್ಣ ನೋಡಿ ಮನೆ ನಿರಾಕರಿಸುವಂತಿಲ್ಲ ಅಂದಿತು. ಈ ಎರಡನೇ ಮೊಕದ್ದಮೆ ಕೂಡ ಸೇಂಟ್ ಲೂಯಿಸ್ ಕೌಂಟಿಯದ್ದೇ. ಪ್ಯಾಡಕ್ ವುಡ್ಸ್ ಎಂಬ ಬಡಾವಣೆಯಲ್ಲಿ ಮನೆ ಕೇಳಿ ಇಲ್ಲ ಅನ್ನಿಸಿಕೊಂಡ ದಂಪತಿಯದ್ದು. ಇನ್ನು ಕೈಯಲ್ಲಿ ಸ್ವಲ್ಪ ದುಡ್ಡಿದ್ದವರು, ಖಾಯಂ ಕೆಲಸ ಇದ್ದವರು ಬೇರೆ ಊರು ನೋಡಿಕೊಳ್ಳಬಹುದಿತ್ತು. ನೋಡಿಕೊಂಡರು. 1960ರಿಂದ 1980ರ ನಡುವೆ ಊರು 2,046 ಜನರನ್ನು ಕಳೆದುಕೊಂಡಿತು. ಇದನ್ನು ಅವನತಿ ಅನ್ನಬೇಕೋ ಬಿಡುಗಡೆ ಅನ್ನಬೇಕೋ? ಹೋದವರಿಗೆ ಅದು ಬಿಡುಗಡೆ. ಉಳಿದವರಿಗೆ, ತೆರಿಗೆ ಕಟ್ಟುವವರಲ್ಲೇ ಗಟ್ಟಿ ಕುಳಗಳು ಮೊದಲು ಎದ್ದು ಹೋದ ಹಾಗೆ.

ಎರಡನೇ ಹಂತವೇ ವಿಮಾನ.

ಇಲ್ಲೊಂದು ಹಳೆಯ ಕತೆ. 1910ರ ಅಕ್ಟೋಬರ್ 11ರಂದು ಕಿನ್‌ಲಾಕ್ ಹೆಸರಿನದೇ ಮೈದಾನದಲ್ಲಿ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ವಿಮಾನ ಹತ್ತಿದರು. ಪೈಲಟ್ ಆರ್ಚ್ ಹಾಕ್ಸಿ, ರೈಟ್ ಸೋದರರ ವಿಮಾನ, ಕೆಲವೇ ನಿಮಿಷದ ಹಾರಾಟ. ಅಮೆರಿಕದ ಅಧ್ಯಕ್ಷರಾಗಿದ್ದವರೊಬ್ಬರು ವಿಮಾನದಲ್ಲಿ ಹಾರಿದ್ದು ಅದೇ ಮೊದಲು. 1920ರಲ್ಲಿ ಆಲ್ಬರ್ಟ್ ಬಾಂಡ್ ಲ್ಯಾಂಬರ್ಟ್ ಆ ಭಾಗದ ಜಮೀನು ಗುತ್ತಿಗೆ ಹಿಡಿದು ವಿಮಾನಕ್ಕೆ ಹದ ಮಾಡಿದರು. 1928ರಲ್ಲಿ ಸೇಂಟ್ ಲೂಯಿಸ್ ನಗರ ಅದನ್ನು ಕೊಂಡಿತು. ಈ ಕೊನೆಯ ಮಾತು ಮುಖ್ಯ, ನೆನಪಿಟ್ಟುಕೊಳ್ಳಿ. 1876ರಲ್ಲೇ ಸೇಂಟ್ ಲೂಯಿಸ್ ನಗರ ತನ್ನ ಕೌಂಟಿಯಿಂದ ಬೇರೆಯಾಗಿತ್ತು. ಹಾಗಾಗಿ ವಿಮಾನ ನಿಲ್ದಾಣ ಇರುವುದು ಕೌಂಟಿಯ ನೆಲದಲ್ಲಿ, ಅದರ ಒಡೆಯ ಮಾತ್ರ ಗಡಿಯಾಚೆಯ ನಗರ. ವಿಮಾನದ ಸದ್ದು ಕೇಳುವ ಕಿನ್‌ಲಾಕ್‌ನವರಿಗೆ ಆ ನಗರದ ಮೇಯರನ್ನು ಆರಿಸುವ ಓಟು ಇಲ್ಲ.

ಜೆಟ್ ಬಂದ ಮೇಲೆ ಸದ್ದು ತಡೆಯಲಾಗದಷ್ಟಾಯಿತು. ಅಮೆರಿಕದ ವಿಮಾನಯಾನ ನಿಯಮದ ಪ್ರಕಾರ ದಿನ ಮತ್ತು ರಾತ್ರಿಯ ಸರಾಸರಿ ಸದ್ದು 65 ಡೆಸಿಬಲ್ ದಾಟಿದರೆ ಆ ಜಾಗ ವಾಸಕ್ಕೆ ಹೊಂದುವುದಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗಿನ ಹಾರಾಟಕ್ಕೆ 10 ಡೆಸಿಬಲ್ ಹೆಚ್ಚಾಗಿ ಸೇರಿಸಿ ಲೆಕ್ಕ ಹಾಕುತ್ತಾರೆ. ಅಂಥ ಜಾಗದ ಮನೆಗಳಿಗೆ ಸದ್ದು ತಡೆಯುವ ಕಿಟಕಿ ಹಾಕಿಸಬಹುದು, ಇಲ್ಲವೇ ಮನೆಯನ್ನೇ ಕೊಂಡು ಕೆಡವಬಹುದು. ಕಿನ್‌ಲಾಕ್‌ಗೆ ಸಿಕ್ಕಿದ್ದು ಎರಡನೆಯದು. 1980ರ ದಶಕದಲ್ಲಿ ಖರೀದಿ ಶುರುವಾಯಿತು.

ಯಾರನ್ನೂ ಬಲವಂತವಾಗಿ ಎಬ್ಬಿಸಬೇಕಾದ ಅಗತ್ಯವೇ ಬೀಳದ ಹಾಗೆ ಇಂಥ ಖರೀದಿ ಕೆಲಸ ಮಾಡುತ್ತದೆ. ಬೀದಿಯಲ್ಲಿ ಹತ್ತು ಮನೆ ಇವೆ ಅಂದುಕೊಳ್ಳಿ. ಮೂವರು ಮಾರಿದರು. ಆ ಮೂರು ಮನೆ ಕೆಡವಿದರು, ಹುಲ್ಲು ಬೆಳೆಯಿತು, ಕಸ ಬಂದು ಬಿತ್ತು. ಸರ್ಕಾರದ ಕೈಗೆ ಹೋದ ಸೈಟಿನಿಂದ ಆಸ್ತಿ ತೆರಿಗೆ ಬರುವುದಿಲ್ಲ. ನಗರಸಭೆಗೆ ಬೀದಿ ದೀಪ ಹಾಕಲೂ ದುಡ್ಡಿಲ್ಲ. ಗಿರಾಕಿ ಇಲ್ಲದೆ ಮೂಲೆ ಅಂಗಡಿ ಮುಚ್ಚಿತು. ನಾಲ್ಕನೆಯವನ ಮನೆಗೆ ಈಗ ವಿಮಾನ ನಿಲ್ದಾಣ ಬಿಟ್ಟರೆ ಬೇರೆ ಗಿರಾಕಿಯೇ ಇಲ್ಲ. ಅವನೂ ಸ್ವಂತ ಇಚ್ಛೆಯಿಂದಲೇ ಮಾರುತ್ತಾನೆ, ಕಾಗದದ ಮೇಲೆ. 1990ರಿಂದ 2000ದ ನಡುವೆ ಊರಿನ ನೂರರಲ್ಲಿ 83 ಜನ ಹೊರಟು ಹೋದದ್ದು ಹೀಗೆ.

ಒಂದು ಗೊಂದಲ ಇಲ್ಲೇ ಬಿಡಿಸಬೇಕು. ಲ್ಯಾಂಬರ್ಟ್‌ನಲ್ಲಿ 2006ರಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ಹೊಸ ರನ್‌ವೇ ತೆರೆದರು. ಅದಕ್ಕಾಗಿ ನಿಲ್ದಾಣದ ಇನ್ನೊಂದು ಬದಿಯ ಬ್ರಿಜ್‌ಟನ್‌ನಲ್ಲಿ ಸುಮಾರು 2,000 ಮನೆ ಕೆಡವಿದರು. ಕಿನ್‌ಲಾಕ್ ಖಾಲಿಯಾದದ್ದು ಆ ರನ್‌ವೇಗಾಗಿ ಅಂತ ಕೆಲವರು ಬೆರೆಸಿ ಹೇಳುತ್ತಾರೆ. ಕಿನ್‌ಲಾಕ್‌ನದ್ದು ಸದ್ದಿನ ಹೆಸರಿನ ಖರೀದಿ, ಅದಕ್ಕಿಂತ ಮುಂಚೆಯದು. ಇನ್ನು ಆ ಹೊಸ ರನ್‌ವೇ ಕತೆಯೋ, ಅದನ್ನು ಯೋಜಿಸಿದ್ದು ಟಿಡಬ್ಲ್ಯುಎ ಕಂಪನಿಯ ವಿಮಾನಗಳು ಇಲ್ಲಿ ಗಿಜಿಗುಡುತ್ತಿದ್ದಾಗ. 2001ರಲ್ಲಿ ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಪಾಲಾಯಿತು. 2003ರಲ್ಲಿ ಹಾರಾಟ ಅರ್ಧಕ್ಕಿಂತ ಕಡಿಮೆ ಮಾಡಿದರು. 2000ದಲ್ಲಿ ಸುಮಾರು 3 ಕೋಟಿ ಪ್ರಯಾಣಿಕರು ಓಡಾಡಿದ್ದ ನಿಲ್ದಾಣದಲ್ಲಿ ಹತ್ತು ವರ್ಷದ ನಂತರ ಅದರ ಅರ್ಧದಷ್ಟೂ ಇರಲಿಲ್ಲ. ಸದ್ದಿಗೆ ಹೆದರಿ ಊರು ಖಾಲಿ ಮಾಡಿಸಿದರು, ಆಮೇಲೆ ಸದ್ದೇ ಕಡಿಮೆಯಾಯಿತು.

ಹೋದವರು ಎಲ್ಲಿ?

ದೂರ ಎಲ್ಲೂ ಅಲ್ಲ. ಬಹಳಷ್ಟು ಜನ ಹೋದದ್ದು ಬರ್ಕ್‌ಲಿ, ಫರ್ಗುಸನ್ ಕಡೆಗೆ. ಸರಪಳಿಯ ಆಚೆ ಬದಿಗೆ! ಫರ್ಗುಸನ್‌ನಲ್ಲಿ ಆಗ್ನೇಯ ಮೂಲೆಗೆ ಸಾಲು ಸಾಲು ಬಾಡಿಗೆ ಅಪಾರ್ಟ್‌ಮೆಂಟುಗಳಿದ್ದವು. ಸ್ವಂತ ಮನೆ ಇದ್ದವರು ಹಲವರು ಬಾಡಿಗೆದಾರರಾದರು. ಸಣ್ಣ ಮನೆ ಮಾರಿ ಬಂದ ದುಡ್ಡಿನಲ್ಲಿ ಬೇರೆ ಊರಲ್ಲಿ ಮನೆ ಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ.

2014ರ ಆಗಸ್ಟ್ 9ರಂದು ಫರ್ಗುಸನ್‌ನ ಕ್ಯಾನ್‌ಫೀಲ್ಡ್ ಡ್ರೈವ್‌ನಲ್ಲಿ 18 ವರ್ಷದ ಮೈಕಲ್ ಬ್ರೌನ್ ಪೊಲೀಸ್ ಗುಂಡಿಗೆ ಸತ್ತಾಗ ಇಡೀ ಜಗತ್ತು ಆ ಊರಿನ ಹೆಸರು ಕೇಳಿತು. ಆಗ ಹಲವರು ಕಿನ್‌ಲಾಕ್ ಕಡೆ ಬೆರಳು ತೋರಿಸಿದರು: ಆ ಊರು ಖಾಲಿ ಆದದ್ದರಿಂದಲೇ ಫರ್ಗುಸನ್ ಬಣ್ಣ ಬದಲಾಯಿತು ಅಂತ. ಇದು ಎಷ್ಟು ನಿಜ? ಲೆಕ್ಕ ಹಾಕೋಣ. 1990ರಲ್ಲಿ ಫರ್ಗುಸನ್ ಜನಸಂಖ್ಯೆ ಸುಮಾರು 22,000, ಅದರಲ್ಲಿ ನೂರಕ್ಕೆ 25 ಜನ ಕಪ್ಪು ಜನ. 2000ದಲ್ಲಿ ಒಟ್ಟು ಜನ ಹೆಚ್ಚುಕಡಿಮೆ ಅಷ್ಟೇ, ಕಪ್ಪು ಜನರು ನೂರಕ್ಕೆ 52. ಅಂದರೆ ಹತ್ತು ವರ್ಷದಲ್ಲಿ ಸುಮಾರು ಆರು ಸಾವಿರ ಜನ ಹೆಚ್ಚಿದರು. ಅದೇ ಹತ್ತು ವರ್ಷದಲ್ಲಿ ಕಿನ್‌ಲಾಕ್ ಕಳೆದುಕೊಂಡದ್ದು 2,253. ಅವರಷ್ಟೂ ಜನ ಫರ್ಗುಸನ್‌ಗೇ ಹೋದರು ಅಂತ ಇಟ್ಟುಕೊಂಡರೂ ಮೂರರಲ್ಲಿ ಒಂದು ಭಾಗ ಮಾತ್ರ ತುಂಬುತ್ತದೆ. ಉಳಿದವರು ಸೇಂಟ್ ಲೂಯಿಸ್ ನಗರದಿಂದ, ಬೇರೆ ಊರುಗಳಿಂದ ಬಂದವರು. ಬಿಳಿಯರು ಇನ್ನೂ ದೂರದ ಊರುಗಳಿಗೆ ಹೊರಟದ್ದಂತೂ ಬೇರೆಯೇ ಕತೆ. ಹಾಗಾಗಿ 'ಕಿನ್‌ಲಾಕ್ ಕಾರಣ' ಎಂಬ ಮಾತನ್ನು ನಾನು ಅರೆಪಾಲು ಮಾತ್ರ ಒಪ್ಪುತ್ತೇನೆ. ಆದರೆ ಒಂದು ಊರಿನ ಜನಸಂಖ್ಯೆಯನ್ನು ಅದರ ಗಡಿಯೊಳಗೆ ಮಾತ್ರ ನೋಡಿದರೆ ದಾರಿ ತಪ್ಪುತ್ತೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಡ. ಕಿನ್‌ಲಾಕ್ ಪಟ್ಟಿಯಲ್ಲಿ ಮಾಯವಾದವರು ಪಕ್ಕದ ಊರಿನ ಪಟ್ಟಿಯಲ್ಲಿ ಉಸಿರಾಡುತ್ತಿದ್ದರು.

ಈಗ ಉಳಿದದ್ದು

ಖಾಲಿಯಾದ ಜಾಗದಲ್ಲಿ, ಬರ್ಕ್‌ಲಿ ಮತ್ತು ಫರ್ಗುಸನ್ ಜಮೀನನ್ನೂ ಸೇರಿಸಿಕೊಂಡು, ನಾರ್ತ್‌ಪಾರ್ಕ್ ಎಂಬ 550 ಎಕರೆಯ ಉದ್ಯಮ ವಲಯ ಬಂದಿದೆ. ಮನೆಗಳಿಗೆ ಹೊಂದದ ಸದ್ದು ಗೋದಾಮುಗಳಿಗೆ ಹೊಂದುತ್ತದೆ. ಶ್ನಕ್ಸ್ ಎಂಬ ದಿನಸಿ ಅಂಗಡಿ ಸರಣಿಯ ದೊಡ್ಡ ಗೋದಾಮು ಕಿನ್‌ಲಾಕ್ ಗಡಿಯೊಳಗೇ ಇದೆ. ಹಳೆಯ ಬೀದಿಗಳಲ್ಲಿ ಎಷ್ಟೋ ಕಡೆ ಹಾಳು ಸುರಿಯುತ್ತದೆ. ಬೇರೆಯವರು ರಾತ್ರೋರಾತ್ರಿ ಲಾರಿಯಲ್ಲಿ ತಂದು ಸುರಿದು ಹೋಗುವ ಕಸದ ಕಾಟ ಬೇರೆ.

ಊರ ಆಡಳಿತದ ಸುದ್ದಿಯೂ ಒಳ್ಳೆಯದಲ್ಲ. 2011ರಲ್ಲಿ ಆಗಿನ ಮೇಯರ್ ಊರಿನ ದುಡ್ಡನ್ನು ಸ್ವಂತಕ್ಕೆ ಬಳಸಿದ್ದನ್ನು ಕೇಂದ್ರ ಕೋರ್ಟಿನಲ್ಲಿ ಒಪ್ಪಿಕೊಂಡು ಜೈಲಿಗೆ ಹೋದರು. 2015ರಲ್ಲಿ ಚುನಾವಣೆ ಗೆದ್ದು ಬಂದ ಹೊಸ ಮೇಯರನ್ನು ನಗರಸಭೆ ಕಟ್ಟಡದ ಬಾಗಿಲಲ್ಲೇ ಪೊಲೀಸರು ತಡೆದು ನಿಲ್ಲಿಸಿದರು. ಇದನ್ನೆಲ್ಲ ಓದಿ 'ಇಂಥ ಊರು ಯಾಕೆ ಬೇಕು, ಪಕ್ಕದ ಊರಿಗೆ ಸೇರಿಸಿಬಿಡಿ' ಅನ್ನುವವರು ಇದ್ದಾರೆ. ಸುಮಾರು 90 ಪುಟ್ಟ ನಗರಗಳಿರುವ ಕೌಂಟಿ ಅದು, ಮಾತಿನಲ್ಲಿ ತಿರುಳಿಲ್ಲ ಅಂತಲ್ಲ. ಆದರೆ ಆ ಗಡಿ ಎಳೆದ ಕಾಲದಲ್ಲಿ ಪಕ್ಕದ ಊರುಗಳಿಗೆ ಇವರನ್ನು ಸೇರಿಸಿಕೊಳ್ಳುವುದೇ ಬೇಡವಾಗಿತ್ತು.

2010ರಿಂದ 2020ರ ನಡುವೆ ಕಿನ್‌ಲಾಕ್ ಬಿಟ್ಟವರು ಲೆಕ್ಕದ ಪ್ರಕಾರ 35 ಜನ ಮಾತ್ರ. ಹೋಗುವವರೆಲ್ಲ ಹೋಗಿಯಾಗಿದೆ. ಉಳಿದ 263 ಜನ ಹೋಗದೆ ಇರುವವರು.